ಹಿತ್ತಿಲಲ್ಲಿ ಅಮ್ಮನಿಗೊಂದು ಮನೆ

ಕಳೆದ ವರ್ಷ ಪತ್ತನಾಜೆ, ಅಂದರೆ ಮೇ ಕೊನೆಗೆ ಬರುವ ತುಳುನಾಡಿನ ಆಚರಣೆಯ ದಿನ, ಕಳೆದು ಒಂದು ವಾರ ಆಗಿತ್ತಷ್ಟೆ. ರಾತ್ರಿಯಿಡೀ ಮಳೆ ಹೊಯ್ದಿತ್ತು. ಬೆಳಿಗ್ಗೆ ಆರೂವರೆಗೆ ಪಕ್ಕದ ಮನೆಯ ಮಾಮ ಕಂಪೌಂಡಿನ ಆಚೆಯಿಂದ ಕರೆದರು. "ಒಂಚೂರು ಬಲ ಮಗಾ." ಸ್ವಲ್ಪ ಬಾ ಮಗಾ ಅಂತ, ಅಷ್ಟೇ. ದನಿಯಲ್ಲಿ ಸಿಟ್ಟು ಇರಲಿಲ್ಲ. ಕೊಡೆ ಹಿಡಿದುಕೊಂಡು ಗೇಟು ಸುತ್ತಿ ಅವರ ಹಿತ್ತಿಲಿಗೆ ಹೋದೆ.

ಅಮ್ಮನಿಗೆಂದು ನಮ್ಮ ಹಿತ್ತಿಲಲ್ಲಿ ಕಟ್ಟಿದ ಹೊಸ ರೂಮಿನ ಮಾಡಿನ ನೀರು ಪೂರಾ ಅವರ ಜಾಗಕ್ಕೆ ಬೀಳುತ್ತಿತ್ತು. ಹದಿನಾರು ಅಡಿ ಉದ್ದದ ಹಂಚಿನ ಮಾಡು, ಇಳಿಜಾರು ಪೂರ್ತಿ ಅವರ ಕಡೆಗೆ. ಹಂಚಿನ ಒಂದೊಂದು ಸಾಲಿನಿಂದ ಒಂದೊಂದು ಧಾರೆ. ಧಾರೆ ಬಿದ್ದಲ್ಲೆಲ್ಲ ಕೆಂಪು ಮಣ್ಣಿನಲ್ಲಿ ನಾಲ್ಕು ಬೆರಳು ಆಳದ ಗುಳಿ ಬಿದ್ದು, ಗುಳಿಗಳೆಲ್ಲ ಕೂಡಿ ಸಣ್ಣ ತೋಡಿನ ಹಾಗೆ ಆಗಿ, ಆ ತೋಡು ನೇರ ಅವರ ಬಾವಿಕಟ್ಟೆಯ ಬುಡಕ್ಕೆ ಹೋಗಿ ನಿಂತಿತ್ತು. ಕಟ್ಟೆಯ ಒಂದು ಕಡೆಯ ಮಣ್ಣು ಆಗಲೇ ಕುಸಿಯಲು ಶುರುವಾಗಿತ್ತು. ಮಾಮ ಬಾವಿಯೊಳಗೆ ಬಗ್ಗಿ ನೋಡು ಅಂದರು. ನೋಡಿದೆ. ನೀರು ಚಹಾ ಬಣ್ಣಕ್ಕೆ ತಿರುಗಿತ್ತು.

ಅವರು ಕಂಪ್ಲೇಂಟ್ ಮಾತು ಎತ್ತಲಿಲ್ಲ. "ನಿನ್ನ ನೀರು ನಿನ್ನ ಜಾಗಕ್ಕೆ ಬೀಳಬೇಕು ಮಗಾ, ಅಷ್ಟು ಮಾಡು" ಅಂದರು. ನನಗೆ ಮುಖ ಎತ್ತಲಿಕ್ಕೆ ಆಗಲಿಲ್ಲ. ಆವತ್ತಿನಿಂದ ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗ) ಅನ್ನುವ ಪದ ಕೇಳಿದರೆ ನನಗೆ ಕಾನೂನು ನೆನಪಾಗುವುದಿಲ್ಲ, ಆ ಬಾವಿ ನೆನಪಾಗುತ್ತದೆ.

ಮೊದಲಿನಿಂದ ಹೇಳುತ್ತೇನೆ. ನಮ್ಮದು ಮಂಗಳೂರಿನಲ್ಲಿ, ಕುಲಶೇಖರದ ಕಡೆ, 12 ಸೆಂಟ್ಸ್ ಜಾಗ. ನಮ್ಮ ಜಿಲ್ಲೆ 1956ರ ತನಕ ಮದ್ರಾಸಿಗೆ ಸೇರಿತ್ತಲ್ವಾ, ಹಾಗಾಗಿ ನಾವು ಇವತ್ತಿಗೂ ಗುಂಟೆ ಅನ್ನುವುದಿಲ್ಲ, ಸೆಂಟ್ಸ್ ಅನ್ನುತ್ತೇವೆ. ಒಂದು ಸೆಂಟ್ ಅಂದರೆ 435.6 ಚದರ ಅಡಿ. ನಮ್ಮ ಜಾಗ ಒಟ್ಟು 5,227 ಚದರ ಅಡಿ ಆಗುತ್ತದೆ. ಅದರಲ್ಲಿ 1,400 ಚದರ ಅಡಿಯ ಒಂದೇ ಮಾಳಿಗೆಯ ಮನೆ. ಹಿಂದೆ ಬಾವಿ, ಬಚ್ಚಲು, ಎರಡು ತೆಂಗು, ಒಂದು ಹಲಸು. ಕಂಪೌಂಡಿಗೆ ತಾಗಿ ಒಂದು ಹಳೆಯ ಸೌದೆ ಕೊಟ್ಟಿಗೆ.

ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆ ಇದ್ದಾರೆ. ಮನೆಯೊಳಗೆ ಅವರಿಗೆ ರೂಮ್ ಇದೆ. ಆದರೆ ಮಕ್ಕಳ ಆನ್‌ಲೈನ್ ಕ್ಲಾಸು, ಟಿವಿ, ನಮ್ಮ ಬೇರೆ ಬೇರೆ ಹೊತ್ತಿನ ಊಟ, ಇದರ ನಡುವೆ ಅವರು ಮಾತೇ ಕಡಿಮೆ ಮಾಡಿಬಿಟ್ಟಿದ್ದರು. ಒಂದು ದಿನ ಸಂಜೆ ಬಸಳೆ ಕೊಯ್ಯುತ್ತಾ ಹೇಳಿದರು: "ನನಗೆ ನನ್ನದೇ ಒಂದು ಒಲೆ ಬೇಕು ಮಗಾ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಒಂದು ಲೋಟ ಕಾಫಿ ಮಾಡಿಕೊಂಡರೆ ನಿಮಗೆಲ್ಲ ಎಚ್ಚರ ಆಗಬಾರದು." 74 ವರ್ಷದ ಹೆಂಗಸು ಕೇಳಿದ್ದು ಇಷ್ಟೇ. ಒಂದು ಒಲೆ, ಮೆಟ್ಟಿಲಿಲ್ಲದ ಒಂದು ಬಚ್ಚಲು, ಹಿತ್ತಿಲಿಗೆ ತೆರೆಯುವ ಒಂದು ಬಾಗಿಲು.

ಇದೇನು ಹೊಸ ಆಸೆ ಅಲ್ಲ. ನಮ್ಮ ಕಡೆಯ ಹಳೆ ಮನೆಗಳು ಒಂದೇ ಕಟ್ಟಡ ಆಗಿರಲೇ ಇಲ್ಲ. ಮುಖ್ಯ ಮನೆ ಒಂದು. ಹೊಗೆ ಒಳಗೆ ಬರಬಾರದು ಅಂತ ಹಂಡೆ ಇರುವ ಬಚ್ಚಲು ಬೇರೆ. ದನದ ಹಟ್ಟಿ ಇನ್ನೂ ಆಚೆ. ಸೌದೆಗೆ, ಸೋಗೆಗೆ, ತೆಂಗಿನಕಾಯಿಗೆ ಒಂದೊಂದು ಕೊಟ್ಟಿಗೆ. ಬಾವಿಯಿಂದ ಹಟ್ಟಿ ಎಷ್ಟು ದೂರ ಇರಬೇಕು, ನಾಗಬನದ ಸುತ್ತ ಎಷ್ಟು ಜಾಗ ಬಿಡಬೇಕು ಅಂತ ಯಾರೂ ಬರೆದುಕೊಟ್ಟಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಜಾಗ ಎಕರೆಗಟ್ಟಲೆ ಇದ್ದಾಗ ಅದು ನಡೆಯಿತು. ಈಗ ಅದೇ ಜಾಗ ಐದೈದು ಸೆಂಟ್ಸ್ ಆಗಿ ಪಾಲಾಗಿದೆ. ಅಭ್ಯಾಸ ಮಾತ್ರ ಹಳೆಯದೇ ಉಳಿದಿದೆ. ಹಿತ್ತಿಲಲ್ಲಿ ಸ್ವಲ್ಪ ಜಾಗ ಕಂಡರೆ ನಾಲ್ಕು ಕಂಬ ನೆಟ್ಟು ಶೀಟು ಹಾಕಿಬಿಡುತ್ತೇವೆ, ಅಲ್ವಾ?

ನಾವೂ ಅದನ್ನೇ ಮಾಡಿದೆವು. ಮೇಸ್ತ್ರಿ ಬಂದು ಸೌದೆ ಕೊಟ್ಟಿಗೆ ನೋಡಿದರು. "ಅಕ್ಕಾ, ಹಳೆ ಪಂಚಾಂಗ (ತಳಪಾಯ) ಗಟ್ಟಿ ಇದೆ. ಇದರ ಮೇಲೆಯೇ ಎಬ್ಬಿಸುವ. ಹಳೆ ಕಟ್ಟಡ ರಿಪೇರಿ ಅಂತ ಆಗುತ್ತದೆ, ಯಾರೂ ಕೇಳುವುದಿಲ್ಲ." ನನಗೂ ಅದು ಸರಿ ಅನಿಸಿತು. ನಮ್ಮದೇ ಜಾಗ, ಅಮ್ಮನಿಗೋಸ್ಕರ, ಒಂದೇ ಒಂದು ರೂಮು. ಯಾರಿಗೆ ಏನು ತೊಂದರೆ? ಕೆಂಪು ಕಲ್ಲು ತರಿಸಿದೆವು. ಕೊಟ್ಟಿಗೆಯ ಹಿಂದಿನ ಗೋಡೆ ಕಂಪೌಂಡೇ ಆಗಿತ್ತು, ಅದರ ಮೇಲೆಯೇ ಕಲ್ಲು ಏರಿಸಿದರು. 8 ಅಡಿ ಅಗಲದ ಕೊಟ್ಟಿಗೆ 12 ಅಡಿ ಅಗಲ, 16 ಅಡಿ ಉದ್ದದ ರೂಮ್ ಆಯಿತು. ಪಕ್ಕಾಸು, ರೀಪು, ಹಂಚು. ಮಳೆಗೆ ಮೊದಲು ಮುಗಿಯಿತಲ್ಲ ಅಂತ ನಾವು ಖುಷಿಯಲ್ಲಿದ್ದೆವು.

ಬಾವಿ ನೋಡಿ ಬಂದ ದಿನ ನಾನು ಒಂದು ಲೆಕ್ಕ ಹಾಕಿದೆ. 12 ಅಡಿ, 16 ಅಡಿ ಅಂದರೆ 192 ಚದರ ಅಡಿ, ಹತ್ತಿರ ಹತ್ತಿರ 17.8 ಚದರ ಮೀಟರ್. ಒಂದು ದಿನ 100 ಮಿಲಿಮೀಟರ್ ಮಳೆ ಬಂದರೆ ಅಷ್ಟು ಸಣ್ಣ ಮಾಡಿನಿಂದ ಬೀಳುವ ನೀರು ಸುಮಾರು 1,780 ಲೀಟರ್. ಜೂನ್, ಜುಲೈನಲ್ಲಿ ನಮಗೆ ಅದು ಅಪರೂಪದ ಮಳೆ ಏನಲ್ಲ. ವರ್ಷಕ್ಕೆ ಮಂಗಳೂರಿನಲ್ಲಿ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಅಂದರೆ ಅಮ್ಮನ ಒಂದು ರೂಮಿನ ಮಾಡಿನಿಂದ ವರ್ಷಕ್ಕೆ 60,000 ಲೀಟರ್ ದಾಟುತ್ತದೆ. ಅಷ್ಟನ್ನೂ ನಾವು ಪಕ್ಕದ ಮನೆಯ ಬಾವಿ ಬುಡಕ್ಕೆ ಸುರಿಯುತ್ತಿದ್ದೆವು. ಮಾಡಿನ ಅಂಚಿಗೆ ನೀರು ಹಿಡಿಯುವ ದಂಬೆ ಕಟ್ಟಿದರೆ ಸಾಕು ಅಂದರು ಮೇಸ್ತ್ರಿ. ಆದರೆ ದಂಬೆ ಕಟ್ಟಬೇಕಾದರೂ ಅದು ಕಂಪೌಂಡಿನ ಆಚೆ, ಮಾಮನ ಜಾಗದ ಮೇಲೆಯೇ ಚಾಚಬೇಕಿತ್ತು.

ಆಗ ನಾನು ಒಬ್ಬರು ಇಂಜಿನಿಯರ್ ಹತ್ತಿರ ಕೂತು ಎಲ್ಲ ಕೇಳಿ ತಿಳಿದುಕೊಂಡೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಹಿತ್ತಿಲಲ್ಲಿ ಕಟ್ಟುವವರು ಹೆಚ್ಚಿನವರು ನಮ್ಮ ಹಾಗೆ ಮೊದಲು ಕಟ್ಟಿ ಆಮೇಲೆ ಕೇಳುವವರು.

ಹಿತ್ತಿಲಲ್ಲಿ ಎರಡನೇ ಮನೆ ಕಟ್ಟಬಾರದು ಅಂತ ನಮ್ಮಲ್ಲಿ ಕಾನೂನು ಇಲ್ಲ. ಇದು ತುಂಬಾ ಜನರಿಗೆ ಗೊತ್ತಿಲ್ಲ. ಮಾಸ್ಟರ್ ಪ್ಲಾನಿನಲ್ಲಿ ನಿಮ್ಮ ಜಾಗ ವಾಸದ ವಲಯದಲ್ಲಿದ್ದರೆ, ಅಂದರೆ ನಕ್ಷೆಯಲ್ಲಿ ಹಳದಿ ಬಣ್ಣ ಇದ್ದರೆ, ಅಲ್ಲಿ ವಾಸದ ಕಟ್ಟಡಕ್ಕೆ ಅವಕಾಶ ಇದೆ. ಒಂದು ಇರಲಿ, ಎರಡು ಇರಲಿ. ಆದರೆ ಹಿತ್ತಿಲ ಮನೆ ಅಂತ ಒಂದು ಪ್ರತ್ಯೇಕ ಹೆಸರು, ಅದಕ್ಕೊಂದು ಸುಲಭದ ದಾರಿ ನಿಯಮದಲ್ಲಿ ಇಲ್ಲ. 192 ಚದರ ಅಡಿಯ ಅಮ್ಮನ ರೂಮಿಗೂ ದೊಡ್ಡ ಮನೆಗೂ ಒಂದೇ ದಾರಿ. ಪ್ಲಾನ್ ಬರೆಸಬೇಕು, ಲೈಸೆನ್ಸ್ ತೆಗೆಯಬೇಕು, ಸುತ್ತ ಜಾಗ ಬಿಡಬೇಕು, ಕಟ್ಟಡ ಆವರಿಸುವ ಜಾಗದ ಮಿತಿ, ಎಫ್‌ಎಆರ್ ಮಿತಿ ಎರಡರ ಒಳಗೂ ಇರಬೇಕು. ಎಫ್‌ಎಆರ್ ಅಂದರೆ ಎಲ್ಲ ಮಾಳಿಗೆ ಕೂಡಿಸಿ ಕಟ್ಟಿದ ಒಟ್ಟು ವಿಸ್ತೀರ್ಣವನ್ನು ಜಾಗದ ವಿಸ್ತೀರ್ಣದಿಂದ ಭಾಗಿಸಿದ್ದು. ನಮ್ಮ ಮನೆಗೆ ಅದು 0.27 ಅಷ್ಟೇ ಬರುತ್ತದೆ. ಹಾಗಾಗಿ ನಮಗೆ ಅದು ಸಮಸ್ಯೆಯೇ ಆಗಿರಲಿಲ್ಲ. ಸಮಸ್ಯೆ ಆದದ್ದು ಗೋಡೆ ನಿಂತ ಜಾಗ.

ಸೆಟ್‌ಬ್ಯಾಕ್ ಎಷ್ಟು ಅನ್ನುವುದು ಜಾಗದ ಅಳತೆ, ಕಟ್ಟಡದ ಎತ್ತರ ನೋಡಿಕೊಂಡು ಬದಲಾಗುತ್ತದೆ. ಪಕ್ಕದ ಮನೆಯವರು ಎಷ್ಟು ಬಿಟ್ಟಿದ್ದಾರೋ ಅಷ್ಟೇ ನಾನೂ ಬಿಡುತ್ತೇನೆ ಅಂತ ಲೆಕ್ಕ ಹಾಕಬೇಡಿ. ನಿಮ್ಮ ಜಾಗಕ್ಕೆ ಎಷ್ಟು ಅಂತ ಕೇಳಿ, ಬರೆಸಿಕೊಳ್ಳಿ. ಮತ್ತೆ, ಹಳೆಯ ಕೊಟ್ಟಿಗೆ ರಿಪೇರಿ ಬೇರೆ, ಕೊಟ್ಟಿಗೆಯನ್ನು ಮನೆ ಮಾಡುವುದು ಬೇರೆ. ಒಡೆದ ಹಂಚು ಬದಲಾಯಿಸುವುದು, ಸುಣ್ಣ ಬಳಿಯುವುದು, ನೆಲಕ್ಕೆ ಟೈಲ್ಸ್ ಹಾಕುವುದು ರಿಪೇರಿ. ಗೋಡೆ ಏರಿಸಿ, ಅಗಲ ಮಾಡಿ, ಬಚ್ಚಲು, ಒಲೆ ಸೇರಿಸಿದರೆ ಅದು ಹೊಸ ಕಟ್ಟಡ. ನಾವು ಎಡವಿದ್ದು ಇಲ್ಲೇ.

ಇನ್ನೊಂದು ವಿಷಯ ಗುಂಡಿ. ಇದರ ಬಗ್ಗೆ ಯಾರೂ ಮಾತೇ ಆಡುವುದಿಲ್ಲ. ಎಲ್ಲರೂ ರೂಮಿನ ಉದ್ದ ಅಗಲ ಹೇಳುತ್ತಾರೆ, ಟಾಯ್ಲೆಟ್ ಗುಂಡಿ ಎಲ್ಲಿ ಅಂತ ಕೇಳಿದರೆ "ಅದು ಹಿಂದೆ ಎಲ್ಲಾದರೂ ಮಾಡುವ" ಅನ್ನುತ್ತಾರೆ. ನಮ್ಮ ಮುರಕಲ್ಲಿನ, ಅಂದರೆ ಕೆಂಪು ಕಲ್ಲಿನ, ನೆಲ ತೂತು ತೂತು. ಮೇಲೆ ಹಾಕಿದ ನೀರು ಬೇಗ ಕೆಳಗಿಳಿಯುತ್ತದೆ, ಬಾವಿಯ ಕಡೆಗೆ ಹೋಗುತ್ತದೆ. ಸೆಪ್ಟಿಕ್ ಟ್ಯಾಂಕಿನ ಬಗ್ಗೆ ಇರುವ ಭಾರತೀಯ ಮಾನಕ ಐಎಸ್ 2470ರ ಪ್ರಕಾರ, ಕೊಳಚೆ ನೀರು ಇಂಗುವ ಜಾಗ ಕುಡಿಯುವ ನೀರಿನ ಬಾವಿಯಿಂದ 18 ಮೀಟರ್ ದೂರ ಇರಬೇಕು. ಈಗ ಐದು ಸೆಂಟ್ಸ್ ಜಾಗ ತೆಗೆದುಕೊಳ್ಳಿ. ಅದು ಸರಿಯಾಗಿ ಚೌಕ ಇದ್ದರೆ ಒಂದು ಬದಿ 14.2 ಮೀಟರ್. ಮೂಲೆಯಿಂದ ಎದುರು ಮೂಲೆಗೆ 20 ಮೀಟರ್. ಅಂದರೆ ಬಾವಿ ಈ ಮೂಲೆಯಲ್ಲಿ, ಗುಂಡಿ ಆ ಮೂಲೆಯಲ್ಲಿ ಇದ್ದರೆ ಮಾತ್ರ 18 ಮೀಟರ್ ಸಿಗುತ್ತದೆ. ಆ ಮೂಲೆಯ ಆಚೆ ಪಕ್ಕದವರ ಬಾವಿ ಇದ್ದರೆ? ಹಿಂದಿನವರದ್ದು? ಐದು ಸೆಂಟ್ಸಿನಲ್ಲಿ ಬಾವಿಯೂ ಇದ್ದು, ಮನೆಯೂ ಇದ್ದು, ಹಿಂದೆ ಇನ್ನೊಂದು ಮನೆಗೆ ಇನ್ನೊಂದು ಗುಂಡಿ ತೋಡುತ್ತೇನೆ ಅನ್ನುವವರಿಗೆ ನಾನು ಕೈಮುಗಿದು ಬೇಡ ಅನ್ನುತ್ತೇನೆ. ಒಳಚರಂಡಿ ಲೈನ್ ಬಂದಿದ್ದರೆ ಮೊದಲು ಅದಕ್ಕೆ ಸೇರಿಸಿ, ಆಮೇಲೆ ರೂಮಿನ ಯೋಚನೆ ಮಾಡಿ.

"ಡೋರ್ ನಂಬ್ರ ಸಿಕ್ಕಿದರೆ ಆಯಿತಲ್ಲ, ತೆರಿಗೆ ಕಟ್ಟಿದರೆ ಸಕ್ರಮ ಅಲ್ವಾ" ಅಂತ ನನ್ನ ಗಂಡ ಕೇಳಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಅಲ್ಲ. ತೆರಿಗೆ ಬೇರೆ, ಲೈಸೆನ್ಸ್ ಬೇರೆ. ಅನಧಿಕೃತ ಕಟ್ಟಡಕ್ಕೂ ತೆರಿಗೆ ಹಾಕುತ್ತಾರೆ, ಅದೂ ಜಾಸ್ತಿ ಹಾಕುತ್ತಾರೆ, ಆದರೆ ಆ ರಶೀದಿಯಿಂದ ಗೋಡೆ ಸಕ್ರಮ ಆಗುವುದಿಲ್ಲ. ಅಕ್ರಮ-ಸಕ್ರಮ ಬರುತ್ತದೆ, ಕಾಯುವ ಅನ್ನುವವರೂ ಇದ್ದಾರೆ. 2014ರಲ್ಲಿ ರಾಜ್ಯ ಸರ್ಕಾರ ಅದಕ್ಕೆ ನಿಯಮ ತಂದಿತ್ತು. ವಾಸದ ಮನೆಗಳಲ್ಲಿ 50 ಶೇಕಡಾ, ಬೇರೆ ಕಟ್ಟಡಗಳಲ್ಲಿ 25 ಶೇಕಡಾ ತನಕದ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವುದು ಅಂತ. ಅದೂ 2013ರ ಅಕ್ಟೋಬರ್ 19ಕ್ಕೆ ಮೊದಲು ಕಟ್ಟಿದ್ದಕ್ಕೆ ಮಾತ್ರ. ಹೈಕೋರ್ಟ್ 2016ರಲ್ಲಿ ಒಪ್ಪಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹೋದ ವರ್ಷ ಕಟ್ಟಿದ ರೂಮಿಗೆ ಅದನ್ನು ನಂಬಿ ಕೂರುವುದರಲ್ಲಿ ಅರ್ಥ ಇಲ್ಲ.

ಲೈಸೆನ್ಸ್ ಇಲ್ಲದೆ ಕಟ್ಟಿದರೆ ಏನಾಗುತ್ತದೆ ಅಂತಲೂ ಕೇಳಿದೆ. ನಮ್ಮ ಮಂಗಳೂರಿನಂಥ ಮಹಾನಗರಪಾಲಿಕೆಯಲ್ಲಿ 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆಯ 321ನೇ ಸೆಕ್ಷನ್. ಮೊದಲು ತಾತ್ಕಾಲಿಕ ಆದೇಶ ಮತ್ತು ಕಾರಣ ಕೇಳುವ ನೋಟಿಸ್, ನಿಮ್ಮ ಉತ್ತರ ನೋಡಿ ಆಮೇಲೆ ಆದೇಶ ಖಾಯಂ. ಕೆಡವುವ ಮೊದಲು ಕನಿಷ್ಠ 15 ದಿನದ ನೋಟಿಸ್ ಕೊಡಬೇಕು ಅಂತ 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಹೇಳಿದೆ. ರಸ್ತೆ, ಫುಟ್‌ಪಾತ್, ಹೊಳೆ, ಕೆರೆ ಒತ್ತುವರಿ ಮಾಡಿದ್ದರೆ ಆ ರಕ್ಷಣೆ ಇಲ್ಲ. ನೋಟಿಸ್ ಬಂದರೆ ಸುಮ್ನೆ ಕೂರಬೇಡಿ, ಉತ್ತರ ಕೊಡಿ. ಉತ್ತರ ಕೊಡದೆ ಇದ್ದರೆ ನಿಮ್ಮ ಮಾತು ಕಡತದಲ್ಲಿ ಇರುವುದೇ ಇಲ್ಲ.

ಇಷ್ಟೆಲ್ಲ ರಗಳೆ ಬೇಡ, ಊರಲ್ಲೇ ಕಟ್ಟುವ ಅಂತಲೂ ಒಂದು ಯೋಚನೆ ಬಂದಿತ್ತು. ಅಮ್ಮನ ತವರು ಉಡುಪಿ ಹತ್ತಿರದ ಉದ್ಯಾವರದಲ್ಲಿ, ಹೊಳೆ ಬದಿ. ಸೋದರಮಾವ ಅಲ್ಲೇ ಇದ್ದಾರೆ. "ಇಲ್ಲಿ ಯಾರು ಕೇಳುತ್ತಾರೆ, ನಮ್ಮದೇ ಜಾಗ, ತೆಂಗಿನ ತೋಟದ ಮಧ್ಯ ಒಂದು ಸಣ್ಣ ಮನೆ ಕಟ್ಟುವ, ಅಕ್ಕ ಇಲ್ಲೇ ಇರಲಿ" ಅಂದರು ಮಾವ. ಅವರ ಪ್ರೀತಿ ದೊಡ್ಡದು. ಆದರೆ ಹಳ್ಳಿಯಲ್ಲಿ ನಿಯಮ ಇಲ್ಲ ಅನ್ನುವುದು ಸುಳ್ಳು. ಅಲ್ಲಿನ ನಿಯಮ ಬೇರೆ, ಅಷ್ಟೇ.

ಕೃಷಿ ಜಾಗದಲ್ಲಿ ಕೃಷಿಗೆ ಬೇಕಾದ ಕಟ್ಟಡ ಕಟ್ಟಲು, ಬಾವಿ ತೋಡಲು ಭೂ ಕಂದಾಯ ಕಾಯ್ದೆಯ 95ನೇ ಸೆಕ್ಷನ್ನೇ ಅವಕಾಶ ಕೊಡುತ್ತದೆ. ಹಟ್ಟಿ, ಪಂಪ್ ಶೆಡ್, ಗೊಬ್ಬರ ಇಡುವ ಕೊಟ್ಟಿಗೆ, ಇವಕ್ಕೆ ಕನ್ವರ್ಷನ್, ಅಂದರೆ ಕೃಷಿ ಜಾಗವನ್ನು ಕೃಷಿಯೇತರ ಮಾಡಿಸುವುದು, ಬೇಡ. ಇದು ಒಳ್ಳೆಯ ನಿಯಮ, ರೈತನಿಗೆ ಬೇಕಾದದ್ದು. ಆದರೆ ಪಂಪ್ ಶೆಡ್ ಅಂತ ಹೇಳಿ ಅದರಲ್ಲಿ ಎರಡು ಬೆಡ್‌ರೂಮ್ ಮಾಡಿದರೆ ಅದು ಪಂಪ್ ಶೆಡ್ ಅಲ್ಲ. ವಾಸದ ಮನೆಯಾಗಿ ಖಾತೆ ಬೇಕು ಅಂದರೆ ಕನ್ವರ್ಷನ್, ಸಿಂಗಲ್ ಲೇಔಟ್ ಅನುಮೋದನೆ, ಆಮೇಲೆ ಪಂಚಾಯತಿನ ಆಸ್ತಿ ದಾಖಲೆ ಇರುವ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11. ನಮ್ಮ ಎರಡು ಜಿಲ್ಲೆಗಳಲ್ಲಿ ನೈನ್ ಇಲೆವೆನ್ ಅಂದರೆ ಚಹಾದ ಅಂಗಡಿಯಲ್ಲಿ ಕೂತವರಿಗೂ ಗೊತ್ತು, ಅಷ್ಟು ಓಡಾಟ ಅದರದ್ದು. ಕಟ್ಟಲು ಪಂಚಾಯತಿನ ಪರವಾನಿಗೆ ಬೇರೆ. ಕುಮ್ಕಿ ಜಾಗದಲ್ಲಿ ಕಟ್ಟುವ ಯೋಚನೆ ಇದ್ದರೆ ಬಿಟ್ಟುಬಿಡಿ. ಕುಮ್ಕಿಯಲ್ಲಿ ನಮಗಿರುವುದು ಸೊಪ್ಪು ಸೌದೆಯ ಹಾಗಿನ ಹಕ್ಕು, ಜಾಗ ಸರ್ಕಾರದ್ದು.

ಮಾವನ ಜಾಗದಲ್ಲಿ ಇದಕ್ಕಿಂತ ದೊಡ್ಡ ಅಡ್ಡಿ ಹೊಳೆ. ಉಬ್ಬರ ಬಂದಾಗ ಅಲ್ಲಿಗೆ ಉಪ್ಪು ನೀರು ಏರುತ್ತದೆ, ಹಾಗಾಗಿ ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಸಿಆರ್‌ಝಡ್ ಬರುತ್ತದೆ. 2011ರ ಅಧಿಸೂಚನೆಯಲ್ಲಿ ಇಂಥ ಹೊಳೆಯ ದಂಡೆಯಿಂದ 100 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಅಂತ ಇತ್ತು. 2019ರದ್ದರಲ್ಲಿ ಆ 100 ಮೀಟರ್ 50 ಆಗಿದೆ. ಮಾವ ತೋರಿಸಿದ ಜಾಗ ದಂಡೆಯಿಂದ ಮೂವತ್ತು ಹೆಜ್ಜೆ ಇರಬಹುದು ಅಷ್ಟೆ. ನಾನು ಬೇಡ ಅಂದೆ. ಮಾವನಿಗೆ ಬೇಜಾರಾಯಿತು. ಆದರೆ 2020ರ ಸೆಪ್ಟೆಂಬರಿನಲ್ಲಿ ಉಡುಪಿಗೆ ನೆರೆ ಬಂದಾಗ ಅದೇ ಜಾಗದಲ್ಲಿದ್ದ ಹಟ್ಟಿಗೆ ನೀರು ನುಗ್ಗಿ, ರಾತ್ರಿ ಹೊತ್ತು ದನ ಬಿಚ್ಚಿ ರಸ್ತೆಗೆ ತಂದು ಕಟ್ಟಿದ್ದು ಅವರೇ. ಮೊಣಕಾಲು ನೋವಿನ ಅಮ್ಮನನ್ನು ಆ ಜಾಗದಲ್ಲಿ ಮಲಗಿಸಲು ನನಗೆ ಧೈರ್ಯ ಬರಲಿಲ್ಲ. ಸಿಆರ್‌ಝಡ್ ನಿಯಮ ಬಡ ಮೀನುಗಾರರ ಮನೆಗೆ ಕಷ್ಟ ಕೊಟ್ಟದ್ದು ನಿಜ, ಅದರ ಬಗ್ಗೆ ಜಗಳ ಆಡಬೇಕಾದದ್ದೂ ನಿಜ. ಆದರೆ ಹೊಳೆ ಬದಿ ಜಾಗ ಬಿಡಿ ಅನ್ನುವ ಮಾತಿನಲ್ಲಿ ಹುರುಳಿದೆ.

ಇದೇ ಹೊತ್ತಿಗೆ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಅವಳು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಇರುವುದು. ನಮ್ಮ ಕಥೆ ಕೇಳಿ, "ಅಕ್ಕಾ, ನಾವೂ ಅತ್ತೆಗೆ ಹಿತ್ತಿಲಲ್ಲಿ ಮನೆ ಕಟ್ಟಿಸುತ್ತಾ ಇದ್ದೇವೆ" ಅಂದಳು. ಅಲ್ಲಿ ಅದಕ್ಕೆ ಎಡಿಯು ಅನ್ನುತ್ತಾರಂತೆ. ನಾನು ಆಮೇಲೆ ಅದರ ಬಗ್ಗೆ ಓದಿದೆ. ಅಲ್ಲಿಯೂ ಮೊದಲು ಒಂದೊಂದು ಊರಿನವರು ಒಂದೊಂದು ನಿಯಮ ಇಟ್ಟುಕೊಂಡು ಇಂಥ ಮನೆಗಳನ್ನು ತಡೆಯುತ್ತಿದ್ದರು. ಬಾಡಿಗೆ ಏರಿ ಏರಿ ಜನರಿಗೆ ಮನೆ ಸಿಗದೆ ಹೋದಾಗ ರಾಜ್ಯವೇ ಕಾನೂನು ಬದಲಿಸಿತು. 2020ರಿಂದ ಅಲ್ಲಿ, ಮೊದಲೇ ಒಂದು ಮನೆ ಇರುವ ಜಾಗದಲ್ಲಿ ಹಿತ್ತಿಲ ಮನೆಗೆ ಅರ್ಜಿ ಹಾಕಿದರೆ 60 ದಿನದೊಳಗೆ ತೀರ್ಮಾನ ಹೇಳಬೇಕು. ಹೇಳದಿದ್ದರೆ ಒಪ್ಪಿಗೆ ಸಿಕ್ಕಿದ ಹಾಗೆ. ಹಿಂದೆ ಮತ್ತು ಪಕ್ಕದಲ್ಲಿ 4 ಅಡಿ ಬಿಟ್ಟರೆ ಸಾಕು. 800 ಚದರ ಅಡಿ ತನಕದ ಮನೆಯನ್ನು ಜಾಗದ ಬೇರೆ ಮಿತಿಗಳ ಹೆಸರು ಹೇಳಿ ನಿರಾಕರಿಸುವ ಹಾಗಿಲ್ಲ. ಸಾಮಾನು ಇಡುವ ಸಣ್ಣ ಶೆಡ್ 120 ಚದರ ಅಡಿಯ ಒಳಗಿದ್ದರೆ ಕಟ್ಟಡದ ಪರ್ಮಿಟ್ಟೇ ಬೇಡ. ಆದರೆ ಅದನ್ನೂ ಎಲ್ಲೆಂದರಲ್ಲಿ ಇಡುವ ಹಾಗಿಲ್ಲ, ಊರಿನ ವಲಯ ನಿಯಮ ನೋಡಲೇಬೇಕು.

ಅಲ್ಲಿಯದೆಲ್ಲ ಇಲ್ಲಿಗೆ ತರಬೇಕು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ನಮ್ಮ ಮಳೆ ಇಲ್ಲ, ಮನೆಗೊಂದು ಬಾವಿ ಇಲ್ಲ. ಅವಳ ಮನೆಯ ಖರ್ಚು ಕೇಳಿದರೆ ಇಲ್ಲಿ ನಾಲ್ಕು ಮನೆ ಆಗುತ್ತದೆ. ಆದರೆ ಒಂದು ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಲ್ಲಿ ಕಾನೂನು ಆ ಮನೆಯನ್ನು ಹೆಸರಿಟ್ಟು ಕರೆಯುತ್ತದೆ. ಇಷ್ಟು ದೊಡ್ಡದು, ಇಷ್ಟು ದೂರ, ಇಷ್ಟು ದಿನ ಅಂತ ಹೇಳುತ್ತದೆ. ಅಳತೆ ಗೊತ್ತಿದ್ದರೆ ಜನ ಅಳತೆಯ ಒಳಗೆ ಕಟ್ಟುತ್ತಾರೆ. ಹೆಸರೇ ಇಲ್ಲದಿದ್ದರೆ "ಸೌದೆ ಕೊಟ್ಟಿಗೆ ರಿಪೇರಿ" ಅಂತ ಸುಳ್ಳು ಹೆಸರಿನಲ್ಲಿ ಕಟ್ಟುತ್ತಾರೆ, ನಾನು ಕಟ್ಟಿದ ಹಾಗೆ. ಸುಳ್ಳು ಹೆಸರಿನಲ್ಲಿ ಕಟ್ಟಿದ ಮನೆಯ ಗುಂಡಿ ಎಲ್ಲಿದೆ, ನೀರು ಎಲ್ಲಿಗೆ ಹೋಗುತ್ತದೆ ಅಂತ ಯಾವ ಪ್ಲಾನಿನಲ್ಲೂ ಇರುವುದಿಲ್ಲ.

ನಮ್ಮ ರಾಜ್ಯದಲ್ಲಿ ಇಂಥ ಸುಲಭದ ದಾರಿ ಮಾಡಲು ಆಗುವುದಿಲ್ಲ ಅಂತ ಏನಿಲ್ಲ. ಬೆಂಗಳೂರಿನಲ್ಲಿ 2024ರಲ್ಲಿ ನಂಬಿಕೆ ನಕ್ಷೆ ಅಂತ ಶುರು ಮಾಡಿದರು. 50 ಅಡಿಗೆ 80 ಅಡಿ ತನಕದ ನಿವೇಶನದಲ್ಲಿ ಮನೆ ಕಟ್ಟುವವರಿಗೆ, ಇಂಜಿನಿಯರ್ ಅಥವಾ ಆರ್ಕಿಟೆಕ್ಟ್ ಮೂಲಕ ಆನ್‌ಲೈನಿನಲ್ಲೇ ನಕ್ಷೆಗೆ ಒಪ್ಪಿಗೆ ಸಿಗುವ ವ್ಯವಸ್ಥೆ. 4,000 ಚದರ ಅಡಿ ಅಂದರೆ ನಮ್ಮ ಲೆಕ್ಕದಲ್ಲಿ 9 ಸೆಂಟ್ಸ್ ಚಿಲ್ಲರೆ. ಅಷ್ಟು ದೊಡ್ಡ ಜಾಗದ ಇಡೀ ಮನೆಗೇ ಜನರನ್ನು ನಂಬಬಹುದು ಅಂದರೆ, ಕರಾವಳಿಯಲ್ಲಿ ಹಿತ್ತಿಲ ಒಂದು ರೂಮಿಗೆ ಯಾಕೆ ನಂಬಬಾರದು? ನಾನು ಕೇಳುವುದು ಒಂದೇ ಪುಟದ ನಿಯಮ. ಒಂದೇ ಮಾಳಿಗೆ. 400 ಚದರ ಅಡಿಯ ಒಳಗೆ. ಮಾಡಿನ ನೀರು ಪೂರ್ತಿ ಸ್ವಂತ ಜಾಗಕ್ಕೆ ಬೀಳಬೇಕು. ನಿಮ್ಮದು, ಪಕ್ಕದವರದು, ಎಲ್ಲ ಬಾವಿಗಳನ್ನೂ ನಕ್ಷೆಯಲ್ಲಿ ತೋರಿಸಿ ಗುಂಡಿಯ ದೂರ ಬರೆಯಬೇಕು. ರಸ್ತೆಯಿಂದ ಆ ಬಾಗಿಲಿನ ತನಕ ಸ್ಟ್ರೆಚರ್ ಹೋಗುವಷ್ಟು ದಾರಿ ಇರಬೇಕು. ಇಷ್ಟು ಇದ್ದರೆ ಇಷ್ಟು ದಿನದೊಳಗೆ ಒಪ್ಪಿಗೆ.

ಸ್ಟ್ರೆಚರ್ ಮಾತು ಸುಮ್ನೆ ಬರೆದದ್ದಲ್ಲ. ಹಿತ್ತಿಲ ರೂಮಿನಲ್ಲಿ ಇರುವವರು ಹೆಚ್ಚಾಗಿ ವಯಸ್ಸಾದವರು. ಒಂದು ರಾತ್ರಿ ಎದೆನೋವು ಬಂದರೆ ಆಂಬುಲೆನ್ಸಿನವರು ಎರಡಡಿ ಸಂದಿನಲ್ಲಿ ಹೇಗೆ ಹೊತ್ತು ತರಬೇಕು? ಬೆಂಕಿ ಬಿದ್ದರೆ? ಪಕ್ಕದಲ್ಲಿ ಜಾಗ ಬಿಡಿ ಅನ್ನುವುದು ಇದಕ್ಕೂ ಹೌದು.

ಬಾಡಿಗೆಗೆ ಕಟ್ಟುವವರ ವಿಷಯ ಬೇರೆ. ಮಣಿಪಾಲ, ದೇರಳಕಟ್ಟೆ, ಸುರತ್ಕಲ್ ಕಡೆ ಮಕ್ಕಳು ಓದಲು ಬರುತ್ತಾರೆ, ಹಿತ್ತಿಲಲ್ಲಿ ಸಾಲಾಗಿ ಆರು ರೂಮ್ ಕಟ್ಟಿ ಪಿಜಿ ಮಾಡುತ್ತಾರೆ. ಹಿಂದೆ ನಮ್ಮಲ್ಲಿ ಬಿಡಾರ ಅಂತ ಇತ್ತಲ್ಲ, ಅದರ ಹೊಸ ರೂಪ. ಮಕ್ಕಳಿಗೂ ಕಡಿಮೆ ಬಾಡಿಗೆಗೆ ಮನೆ ಬೇಕು, ನಾನು ವಿರೋಧಿಸುವುದಿಲ್ಲ. ಆದರೆ ಆರು ರೂಮಿನ ಕೊಳಚೆ ನೀರು, ಬೈಕು, ಬೆಂಕಿಯ ಅಪಾಯ ಒಂದು ರೂಮಿನದ್ದಲ್ಲ. ಅದನ್ನು ಅಮ್ಮನ ಮನೆಯ ಲೆಕ್ಕದಲ್ಲಿ ಸೇರಿಸಬಾರದು. ಸಣ್ಣದಕ್ಕೆ ಸಣ್ಣ ದಾರಿ, ದೊಡ್ಡದಕ್ಕೆ ದೊಡ್ಡ ದಾರಿ.

ಕೂಡು ಜಾಗದವರಿಗೆ ಒಂದು ಮಾತು. ಅಣ್ಣನ ಮನೆ ಮುಂದೆ, ತಂಗಿಯದು ಹಿಂದೆ ಅಂತ ಬಾಯಿಮಾತಿನಲ್ಲಿ ಕಟ್ಟಿಕೊಳ್ಳುತ್ತಾರೆ. ಇಬ್ಬರೂ ಇರುವ ತನಕ ಚೆನ್ನಾಗಿಯೇ ಇರುತ್ತದೆ. ಮುಂದಿನ ತಲೆಮಾರಿಗೆ ಪಾಲು ಮಾಡುವಾಗ ಹಿಂದಿನ ಮನೆಗೆ ದಾರಿ ಇರುವುದಿಲ್ಲ, ಪ್ಲಾನಿನಲ್ಲಿ ಆ ಮನೆಯೇ ಇರುವುದಿಲ್ಲ. ಕಟ್ಟುವಾಗಲೇ ದಾರಿಯನ್ನು ಕಾಗದದಲ್ಲಿ ಬರೆಸಿ. ಆಗ ಕೇಳಲು ನಾಚಿಕೆ ಆಗುತ್ತದೆ, ಗೊತ್ತು. ಆದರೂ ಬರೆಸಿ.

ನಮ್ಮ ಮನೆಯಲ್ಲಿ ಏನಾಯಿತು ಅಂದರೆ, ಮಾಮನ ಬಾವಿ ನೋಡಿದ ವಾರವೇ ಆ ಹಂಚೆಲ್ಲ ಇಳಿಸಿದೆವು. ಮಳೆಗಾಲ ಪೂರ್ತಿ ಗೋಡೆ ಹಾಗೆಯೇ ಟಾರ್ಪಾಲ್ ಹೊದ್ದು ನಿಂತಿತ್ತು. ಮಾಮನ ಬಾವಿಕಟ್ಟೆ ನಾವೇ ಕಟ್ಟಿಸಿಕೊಟ್ಟೆವು, ಬಾವಿ ನೀರು ಖಾಲಿ ಮಾಡಿಸಿ ತೊಳೆಸಿದೆವು. ದೀಪಾವಳಿ ಕಳೆದ ಮೇಲೆ ಕಂಪೌಂಡಿನ ಮೇಲಿದ್ದ ಕಲ್ಲುಗಳನ್ನು ಒಂದೊಂದಾಗಿ ತೆಗೆಸಿದೆವು. ಮುರಕಲ್ಲು ಹಾಗೆ ತೆಗೆದರೆ ಮೂರರಲ್ಲಿ ಒಂದು ಒಡೆಯುತ್ತದೆ. ಅಮ್ಮ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. "ನನ್ನಿಂದ ಎಷ್ಟು ಖರ್ಚು ನಿಮಗೆ" ಅಂದರು. ಆ ಮಾತು ಕೇಳಬಾರದಿತ್ತು.

ಈ ಸಲ ಇಂಜಿನಿಯರ್ ಮೊದಲು ಟೇಪ್ ಹಿಡಿದು ಬಾವಿಗಳನ್ನೇ ಅಳೆದರು. ನಮ್ಮದು, ಮಾಮನದು, ಹಿಂದಿನ ಮನೆಯವರದು. ಗುಂಡಿ ತೋಡುವುದೇ ಬೇಡ, ಮುಂದಿನ ರಸ್ತೆಯಲ್ಲಿ ಒಳಚರಂಡಿ ಇದೆಯಲ್ಲ, ಪೈಪ್ ಉದ್ದ ಆದರೂ ಅದಕ್ಕೇ ಸೇರಿಸುವ ಅಂತ ತೀರ್ಮಾನ ಆಯಿತು. ಕಂಪೌಂಡಿನಿಂದ ಒಂದೂವರೆ ಮೀಟರ್ ಈಚೆ ಹೊಸ ಪಂಚಾಂಗ. ಮಾಡಿನ ಇಳಿಜಾರು ನಮ್ಮ ಅಂಗಳಕ್ಕೆ. ರೂಮ್ ಸ್ವಲ್ಪ ಸಣ್ಣದಾಯಿತು, 11 ಅಡಿಗೆ 15. ದೊಡ್ಡ ಮನೆಯಿಂದ ಅಲ್ಲಿಗೆ ನೆನೆಯದೆ ಹೋಗಲು ಒಂದು ಮುಚ್ಚಿದ ಜಗಲಿ. ಪ್ಲಾನಿನಲ್ಲಿ ಅದನ್ನು ಮನೆಯ ಹೆಚ್ಚುವರಿ ಭಾಗ ಅಂತ ತೋರಿಸಿ ಲೈಸೆನ್ಸ್ ತೆಗೆದೆವು. ಹಲಸಿನ ಮರ ಉಳಿಯಿತು. ತೆಂಗು ಒಂದು ಹೋಯಿತು.

ಅಮ್ಮ ಮಾರ್ಚಿನಲ್ಲಿ ಅಲ್ಲಿಗೆ ಹೋದರು. ಬೆಳಿಗ್ಗೆ ನಾಲ್ಕೂವರೆಗೆ ಆ ಕಿಟಕಿಯಲ್ಲಿ ದೀಪ ಕಾಣುತ್ತದೆ. ನನಗೆ ಎಚ್ಚರ ಆಗುತ್ತದೆ, ಆದರೆ ಹೇಳುವುದಿಲ್ಲ.

ಈ ವರ್ಷದ ಮೊದಲ ದೊಡ್ಡ ಮಳೆ ರಾತ್ರಿ ಹನ್ನೊಂದಕ್ಕೆ ಬಂತು. ನಾನು ಟಾರ್ಚ್ ಹಿಡಿದು ಹಿತ್ತಿಲಿಗೆ ಹೋದರೆ ಕಂಪೌಂಡಿನ ಆಚೆಯೂ ಒಂದು ಟಾರ್ಚ್. ಮಾಮ ಕೊಡೆ ಹಿಡಿದು ನಿಂತಿದ್ದರು. ಇಬ್ಬರೂ ಗೋಡೆಯ ಬುಡಕ್ಕೆ ಬೆಳಕು ಬಿಟ್ಟೆವು. ಆಚೆ ನೆಲದಲ್ಲಿ ಮಳೆಯ ಹನಿ ಮಾತ್ರ ಇತ್ತು. ನಮ್ಮ ಮಾಡಿನ ನೀರೆಲ್ಲ ಅಮ್ಮ ಬಸಳೆ ನೆಟ್ಟ ಸಾಲಿನ ಪಕ್ಕದಲ್ಲಿ ಹರಿದು ನಮ್ಮ ಹಲಸಿನ ಬುಡದ ಇಂಗುಗುಂಡಿಗೆ ಹೋಗುತ್ತಿತ್ತು. "ಸಾಕು, ಒಳಗೆ ಹೋಗು, ಶೀತ ಆಗುತ್ತದೆ" ಅಂದರು ಮಾಮ.